ಬಾಲದ ಮೂರು ಬಡಿತ

ಹೊಳೆಯೊಂದು ಕಾಡನ್ನು ಸೀಳಿಕೊಂಡು ಹರಿಯಿತು. ಒಂದೇ ತಾಯಿಯ ಅಳಿಲುಗಳು ಎರಡು ದಡಕ್ಕೆ ಹಂಚಿಹೋದವು. ಹತ್ತು ಲಕ್ಷ ವರ್ಷ ಕಳೆಯಿತು. ಆಚೆ ದಡದಲ್ಲಿ ಮಳೆ ಹೆಚ್ಚು, ಮರಗಳು ಎತ್ತರ. ಅಲ್ಲಿನ ಅಳಿಲುಗಳು ದಪ್ಪಗಾಗಿ ಕೆಂಪಾದವು. ಈಚೆ ದಡ ಒಣಗಿ ಕುರುಚಲಾಯಿತು; ಇಲ್ಲಿನವು ಸಣ್ಣಗಾಗಿ ಬಂಡೆಯ ಬೂದುಬಣ್ಣಕ್ಕೆ ತಿರುಗಿದವು. ಆಮೇಲೊಮ್ಮೆ ಹೊಳೆ ದಿಕ್ಕು ಬದಲಿಸಿತು. ತರಗೆಲೆ ತುಂಬಿದ ಒಣ ಪಾತ್ರದಲ್ಲಿ ಒಂದು ಕೆಂಪು ಅಳಿಲೂ ಒಂದು ಬೂದು ಅಳಿಲೂ ಎದುರಾದವು.

"ಯಾರು ನೀನು? ಈ ಕಾಡು ಮೊದಲಿನಿಂದಲೂ ನಮ್ಮದು," ಎಂದಿತು ಕೆಂಪು ಅಳಿಲು.

"ಮೊದಲಿನಿಂದ ಇರುವವರು ನಾವು. ನಿನ್ನ ಬಣ್ಣದವರನ್ನು ನಮ್ಮ ಮುತ್ತಜ್ಜಂದಿರೂ ಕಂಡಿಲ್ಲ. ಎಲ್ಲಿಂದ ನುಸುಳಿ ಬಂದೆ?" ಎಂದಿತು ಬೂದು ಅಳಿಲು.

ಅಷ್ಟರಲ್ಲಿ ಗಿಡುಗದ ನೆರಳು ಸುಳಿಯಿತು. ಎರಡೂ ಒಟ್ಟಿಗೆ ತರಗೆಲೆಯ ಮೇಲೆ ಬಾಲವನ್ನು ಮೂರು ಸಲ ಬಡಿದವು. ಸದ್ದು ಕೇಳಿ ಎರಡು ದಡದ ಅಳಿಲುಗಳೂ ಪೊಟರೆ ಸೇರಿಕೊಂಡವು. ಗಿಡುಗ ಹಸಿದುಕೊಂಡೇ ಹಿಂದಿರುಗಿತು.

ಕೆಂಪು ಅಳಿಲು ದುರುಗುಟ್ಟಿ ನೋಡಿತು. "ಮೂರು ಬಡಿತ ನಮ್ಮ ಮನೆತನದ ಗುಟ್ಟು. ನಿನಗೆ ಹೇಳಿಕೊಟ್ಟವರು ಯಾರು?"

"ನಮ್ಮ ತಾಯಂದಿರು. ಕದ್ದವನು ನೀನು," ಎಂದಿತು ಬೂದು ಅಳಿಲು. "ಎಷ್ಟು ದಿನದಿಂದ ಮರೆಯಲ್ಲಿ ಕೂತು ನಮ್ಮನ್ನು ನೋಡುತ್ತಿದ್ದೆ?"

ಎರಡೂ ತಮ್ಮ ತಮ್ಮ ದಡಕ್ಕೆ ಓಡಿಹೋಗಿ ಒಂದೇ ಮಾತು ಹೇಳಿದವು: "ನಮ್ಮ ಗುಟ್ಟು ಶತ್ರುವಿಗೆ ತಿಳಿದುಹೋಗಿದೆ. ಇನ್ನು ಬಾಲದ ಸದ್ದನ್ನು ಯಾರೂ ನಂಬಬೇಡಿ."

ಮರುದಿನ ಗಿಡುಗ ಮತ್ತೆ ಬಂದಿತು. ಹಳೆಯ ಅಭ್ಯಾಸದಂತೆ ಎರಡು ದಡದಲ್ಲೂ ಬಾಲಗಳು ತಾವಾಗಿ ಬಡಿದವು. ಒಂದು ಅಳಿಲೂ ಪೊಟರೆಗೆ ಓಡಲಿಲ್ಲ. ಯಾವ ದಡದಿಂದ ಶುರು ಮಾಡಲಿ ಎನ್ನುವುದೊಂದೇ ಗಿಡುಗಕ್ಕಿದ್ದ ಚಿಂತೆ.