ಬೆಲ್ಲಕ್ಕೆ ಮೊದಲು ಹುಲ್ಲು

“ಬುದ್ಧಿ, ಪ್ರಸಾದವನ್ನು ಬೇಡವೆನ್ನುವುದು ಪಾಪವಲ್ಲವೇ?”

ಮಠದ ಜಗಲಿಯ ಮೇಲೆ ಕುಳಿತಿದ್ದ ಗುರುಗಳನ್ನು ಶಿಷ್ಯ ಮರುಳಯ್ಯ ಹೀಗೆ ಕೇಳಿದ. ಅವನು ಪುರಾಣ ಓದುವವನು. ಶ್ರಾವಣ ಬಂತೆಂದರೆ ದಿನಕ್ಕೊಂದು ಮನೆಯಲ್ಲಿ ಅವನ ಓದು. ಓದು ಮುಗಿದ ಮೇಲೆ ಒಬ್ಬಟ್ಟು, ಪಾಯಸ. ಅವನಿಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತು. ಆದರೆ ಪ್ರಸಾದದಲ್ಲಿ ಸಕ್ಕರೆ ಇರುವುದಿಲ್ಲ, ಶಿವನ ಕರುಣೆ ಮಾತ್ರ ಇರುತ್ತದೆ ಎಂಬುದು ಅವನ ನಂಬಿಕೆ.

“ಬೇಡವೆನ್ನು ಎಂದವರು ಯಾರಪ್ಪಾ?” ಎಂದರು ಗುರುಗಳು.

“ವೈದ್ಯರು, ಬುದ್ಧಿ. ರಕ್ತದಲ್ಲಿ ಸಕ್ಕರೆ ಒಂದು ಹೊತ್ತು ಏರಿ ಇನ್ನೊಂದು ಹೊತ್ತು ಬೀಳುತ್ತಿದೆಯಂತೆ. ಹೀಗೇ ಬಿಟ್ಟರೆ ಕಣ್ಣು ಹೋಗುತ್ತದೆ ಎಂದರು. ನಾನೂ ಸುಮ್ಮನೆ ಕೂತಿಲ್ಲ. ಸಂಜೆ ಪ್ರಸಾದ ಉಂಟೆಂದು ಬೆಳಗಿನಿಂದ ಉಪವಾಸ ಇರುತ್ತೇನೆ. ಸಂಜೆಯ ಸಿಹಿಗೆ ಹಗಲಿನ ಉಪವಾಸ ಸಮ ಆಗಬೇಕಲ್ಲ. ಆದರೂ ಮೊನ್ನೆ ಓದುತ್ತಿದ್ದಾಗ ಕೈ ನಡುಗಿತು, ಅಕ್ಷರ ಮಸುಕಾಯಿತು. ಕಣ್ಣು ಹೋದರೆ ಓದುವುದು ಹೇಗೆ? ಪ್ರಸಾದ ಬಿಟ್ಟರೆ ಶಿವ ಮೆಚ್ಚುವುದು ಹೇಗೆ?”

ಗುರುಗಳು ವಿಭೂತಿಯ ಹಣೆಯನ್ನೊಮ್ಮೆ ಸವರಿಕೊಂಡರು. “ಕೂತುಕೋ. ಒಂದು ಬಸವನ ಕತೆ ಹೇಳುತ್ತೇನೆ” ಎಂದರು.

ಒಂದು ಬೆಟ್ಟದ ಮೇಲೆ ಶಿವನ ಗುಡಿ ಇತ್ತು. ಬೆಟ್ಟದ ಬುಡದಲ್ಲಿ ಹೊಳೆ. ದಿನವೂ ಬೆಳಗ್ಗೆ ಅಭಿಷೇಕದ ನೀರನ್ನು ಗುಡಿಯ ಬಸವ ಬೆನ್ನ ಮೇಲೆ ಹೊತ್ತು ತರುತ್ತಿತ್ತು. ಅದರ ಆರೈಕೆಗೆ ಒಬ್ಬ ದನಗಾಹಿ ಇದ್ದ.

ಶಿವನ ವಾಹನವೆಂದು ಜನ ಬಸವನಿಗೆ ಅಡ್ಡಬೀಳುತ್ತಿದ್ದರು. ಬರಿಗೈಯಲ್ಲಿ ಯಾರೂ ಬರುತ್ತಿರಲಿಲ್ಲ. ಒಬ್ಬರು ಬೆಲ್ಲ ತಂದರು. ಒಬ್ಬರು ಬಾಳೆಹಣ್ಣಿನ ಚಿಪ್ಪು ತಂದರು. ಹಬ್ಬವಾದರೆ ಒಬ್ಬಟ್ಟೂ ಬಂತು. ಬಸವ ಯಾರ ಭಕ್ತಿಯನ್ನೂ ತಳ್ಳಿಹಾಕಲಿಲ್ಲ. ಬರಬರುತ್ತಾ ಅದು ಹುಲ್ಲನ್ನು ಮೂಸಿ ನೋಡಿ, ಇದನ್ನು ನನಗೇಕೆ ತಂದೆ ಎಂಬಂತೆ ದನಗಾಹಿಯ ಮುಖ ನೋಡತೊಡಗಿತು. ಒಂದು ದಿನ ಅರ್ಧ ಬೆಟ್ಟ ಹತ್ತಿ ನಿಂತುಬಿಟ್ಟಿತು. ಅಂದು ಉಳಿದ ಅರ್ಧ ಬೆಟ್ಟಕ್ಕೆ ದನಗಾಹಿಯೇ ಬಸವನಾದ. ಕೊಡ ಹೊತ್ತು ಏದುಸಿರು ಬಿಡುತ್ತಾ ಮೇಲೆ ಹೋದ.

ತಿಂದದ್ದು ಹೆಚ್ಚಾಗಿದೆ, ಒಂದು ಹಗಲು ಉಪವಾಸ ಕೆಡವಿದರೆ ಸರಿಹೋಗುತ್ತದೆ ಎಂದುಕೊಂಡ. ಬೆಳಗಿನಿಂದ ಒಂದು ಎಸಳು ಹುಲ್ಲನ್ನೂ ಹಾಕಲಿಲ್ಲ. ಸಂಜೆ ಭಕ್ತರು ಬಂದರು. ಹಸಿದ ಬಸವ ಅಚ್ಚು ಬೆಲ್ಲವನ್ನು ಅದನ್ನು ಕಟ್ಟಿ ತಂದಿದ್ದ ಬಟ್ಟೆಯ ಸಮೇತ ನುಂಗಿತು. ಹೊಟ್ಟೆ ನಗಾರಿಯಂತೆ ಉಬ್ಬಿತು. ಬಸವ ಕಾಲು ಚಾಚಿ ಮಲಗಿತು.

ದನಗಾಹಿ ಅಳುತ್ತಾ ಊರಿಗೆ ಓಡಿದ. ಹಸು ಕರು ಸಾಕಿ ತಲೆ ನರೆತಿದ್ದ ಒಬ್ಬ ಮುದುಕಿಯನ್ನು ಕರೆತಂದ. ಅವಳು ಔಷಧಿ ಕುಡಿಸಿದಳು, ಹೊಟ್ಟೆ ನೀವಿದಳು, ಶಿವನನ್ನು ನೆನೆದಳು. ಬೆಳಗಾಗುವ ಹೊತ್ತಿಗೆ ಶಿವನ ದಯೆಯಿಂದ ಬಸವ ಎದ್ದು ನಿಂತಿತು. ಆಮೇಲೆ ಮುದುಕಿ ದನಗಾಹಿಯ ಕಡೆ ತಿರುಗಿದಳು.

“ದಿನವೆಲ್ಲ ಹೊಟ್ಟೆ ಖಾಲಿ ಇಟ್ಟು ಬೆಲ್ಲಕ್ಕೆ ದಾರಿ ಗುಡಿಸಿಕೊಟ್ಟೆಯಲ್ಲೋ, ಜಾಣ.”

“ಹಾಗಾದರೆ ನಾಳೆಯಿಂದ ಭಕ್ತರನ್ನು ಓಡಿಸಲೇ ಅಜ್ಜಿ?”

“ಅವರೇನು ಮಾಡಿದರು ಪಾಪ. ಹೊತ್ತು ಹೊತ್ತಿಗೆ ಹುಲ್ಲು ಹಾಕು. ಹೊಟ್ಟೆಯಲ್ಲಿ ಹುಲ್ಲು ಇಳಿದಿರಲಿ, ಬೆಲ್ಲ ಹಿಂದಿನಿಂದ ಬರಲಿ.”

ಮರುದಿನದಿಂದ ದನಗಾಹಿ ಗುಡಿಯ ಬಾಗಿಲಲ್ಲಿ ಹಸಿಹುಲ್ಲಿನ ಹೊರೆ ಇಟ್ಟ. ಬೆಲ್ಲ ತಂದವರೆಲ್ಲ ಮೊದಲು ಒಂದು ಹಿಡಿ ಹುಲ್ಲು ತಿನ್ನಿಸಬೇಕು. ಆಮೇಲೆ ಹುಣಸೆಬೀಜದಷ್ಟು ಬೆಲ್ಲ. ಉಳಿದದ್ದು ಬಂದವರಿಗೆಲ್ಲ ಹಂಚಿಕೆ.

ಒಬ್ಬ ವರ್ತಕ ತೆಂಗಿನಕಾಯಿ ಗಾತ್ರದ ಬೆಲ್ಲ ಹೊತ್ತು ಬಂದ. ಅವನದು ಹರಕೆ. ಹುಲ್ಲು ತಿನ್ನಿಸುವವರ ಸಾಲಿನಲ್ಲಿ ಕೊನೆಯವನಾಗಿ ನಿಂತ. ಅವನ ಸರದಿ ಬಂದಾಗ ಬಸವನ ಹೊಟ್ಟೆ ತುಂಬಿತ್ತು. ಅದು ಬೆಲ್ಲವನ್ನು ಒಮ್ಮೆ ನೆಕ್ಕಿತು, ಮುಖ ಆಚೆ ತಿರುಗಿಸಿತು, ಮೆಲುಕು ಹಾಕುತ್ತಾ ನಿಂತಿತು.

“ನನ್ನ ಹರಕೆ ತಿರಸ್ಕಾರವಾಯಿತೇ?” ಎಂದು ವರ್ತಕ ಗಾಬರಿಯಾದ.

“ನೆಕ್ಕಿತಲ್ಲ ಸ್ವಾಮಿ, ಹರಕೆ ಮುಟ್ಟಿತು” ಎಂದ ದನಗಾಹಿ. “ಹರಕೆ ಹೊರುವಾಗ ಇಡೀ ಉಂಡೆಯನ್ನೇ ತಿನ್ನುತ್ತೇನೆ ಎಂದು ದೇವರು ನಿಮಗೆ ಹೇಳಿದ್ದನೇ?”

ವರ್ತಕ ನಕ್ಕ. ಆ ಬೆಲ್ಲದಲ್ಲಿ ಅಂದು ಊರಿನವರಿಗೆಲ್ಲ ಪಾನಕವಾಯಿತು. ಕೆಲವು ದಿನ ಕಳೆದವು. ಒಂದು ಬೆಳಗ್ಗೆ ಬಸವ ತುಂಬಿದ ಕೊಡಗಳನ್ನು ಹೊತ್ತು, ಎಲ್ಲಿಯೂ ನಿಲ್ಲದೆ, ಬೆಟ್ಟ ಹತ್ತಿತು. ಹಿಂದೆ ಬರುತ್ತಿದ್ದ ದನಗಾಹಿಯೇ ಎರಡು ಕಡೆ ಕೂತು ದಣಿವಾರಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಅರಳಿತ್ತು.

“ಹಾಗಾದರೆ ನನ್ನ ಹುಲ್ಲು ಯಾವುದು ಬುದ್ಧಿ?”

“ಎಲೆಯ ತುದಿಯಲ್ಲಿ ಕೋಸಂಬರಿ ಬಡಿಸುತ್ತಾರೆ, ಸೊಪ್ಪಿನ ಪಲ್ಯ ಬಡಿಸುತ್ತಾರೆ. ಅವನ್ನು ದಾಟಿ ನಿನ್ನ ಕೈ ನೇರ ಒಬ್ಬಟ್ಟಿಗೆ ಹೋಗುವುದನ್ನು ನಾನು ನೋಡಿಲ್ಲವೇ? ಬೆಳಗ್ಗೆ ಹೊತ್ತಿಗೆ ಸರಿಯಾಗಿ ಇಷ್ಟು ಉಣ್ಣು. ಮಧ್ಯಾಹ್ನವೂ ಉಣ್ಣು. ಸಂಜೆ ಎಲೆಯ ಮುಂದೆ ಹಸಿದು ಕೂರಬೇಡ. ಸೊಪ್ಪು ಕಾಳು ಮೊದಲು ತಿನ್ನು. ಕೊನೆಯಲ್ಲಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿಕೋ. ಶಿವನ ಕರುಣೆ ಚೂರಿನಲ್ಲಿ ಕಡಮೆ ಇರುವುದಿಲ್ಲ.”

ಮರುಳಯ್ಯ ತಲೆ ಕೆರೆದುಕೊಂಡ. ಅವನ ಮನಸ್ಸು ಇನ್ನೂ ಪೂರ್ತಿ ಒಪ್ಪಿರಲಿಲ್ಲ.

“ಅದು ಶಿವನ ವಾಹನ ಬುದ್ಧಿ. ಅದಕ್ಕೆ ಹೊತ್ತು ಹೊತ್ತಿಗೆ ಹುಲ್ಲು, ಅಷ್ಟೆಲ್ಲ ಜತನ, ಸಲ್ಲುತ್ತದೆ. ನಾನು ಹುಲುಮನುಷ್ಯ. ಉಪವಾಸ ಬಿಟ್ಟು ಈ ಮೂಳೆಮಾಂಸದ ದೇಹವನ್ನು ಇಷ್ಟು ಓಲೈಸುವುದೇ?”

ಗುರುಗಳು ಅವನ ಕಂಕುಳಲ್ಲಿದ್ದ ಪುರಾಣದ ಕಟ್ಟನ್ನು ನೋಡಿದರು.

“ಶಿವನ ಕತೆಯನ್ನು ಮನೆಮನೆಗೆ ಹೊತ್ತು ತಿರುಗುವವನೇ, ನೀನು ಯಾರ ವಾಹನ?”

ಮರುಳಯ್ಯ ಕಟ್ಟನ್ನು ಕಣ್ಣಿಗೊತ್ತಿಕೊಂಡು, ಊಟದ ಹೊತ್ತಾಯಿತೆಂದು ಮನೆಯ ಕಡೆ ನಡೆದ.