ಪರದೆಯ ಆಚೆ ತೆರೆದ ಕಿಟಕಿ

ಅಡವಯ್ಯ ಎಂಬ ಶಿಷ್ಯ ಗುರುವಿನ ಮುಂದೆ ಬಂದು ನಿಂತ. ಅವನ ಮುಖ ಇನ್ನೂ ಬಿಗಿದುಕೊಂಡಿತ್ತು.

"ಗುರುಗಳೇ, ಸಿಟ್ಟಿನಲ್ಲಿ ಜೊತೆಯವನೊಬ್ಬನಿಗೆ ಅನ್ಯಾಯ ಮಾಡಿದೆ. ತಪ್ಪಾಯಿತು ಎಂದು ಮೂರು ಬಾರಿ ಕೇಳಿಕೊಂಡೆ. ಅವನು ಮುಖ ಕೊಟ್ಟು ಮಾತನಾಡುವುದಿಲ್ಲ. ಕೇಳಿಕೊಂಡ ಮೇಲೂ ಕ್ಷಮಿಸದವನು ನನಗಿಂತ ದೊಡ್ಡ ತಪ್ಪಿತಸ್ಥನಲ್ಲವೇ?"

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ. ಹೆಸರು ಮೌನೇಶ. ಹದಿನೈದು ವರ್ಷದ ಅನುಭವ. ಅವನ ಕೈ ಚುರುಕು, ಸಿಟ್ಟು ಕೈಗಿಂತ ಚುರುಕು. ಯಂತ್ರ ಹೇಳಿದ ಮಾತು ಕೇಳದಿದ್ದರೆ ಯಂತ್ರವನ್ನು ಬೈಯುತ್ತಿದ್ದ. ಯಂತ್ರದ ಒಡೆಯರು ಏನಾದರೂ ಹೇಳಲು ಬಂದರೆ ಅವರನ್ನೂ ಬೈಯುತ್ತಿದ್ದ. ಕೆಲಸ ಚೆನ್ನಾಗಿ ಮಾಡುತ್ತಿದ್ದುದರಿಂದ ಜನ ಸಹಿಸಿಕೊಂಡಿದ್ದರು.

ಅದೇ ಊರಿನಲ್ಲಿ ಒಂದು ಸಣ್ಣ ಬ್ರೈಲ್ ಮುದ್ರಣಾಲಯವಿತ್ತು. ಕಣ್ಣು ಕಾಣದ ಮಕ್ಕಳಿಗಾಗಿ ದಪ್ಪ ಕಾಗದದ ಮೇಲೆ ಚುಕ್ಕೆಗಳನ್ನೊತ್ತಿ ಪುಸ್ತಕ ಮಾಡುವ ಜಾಗ. ಅಲ್ಲಿ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವವಳು ಹಾಲಮ್ಮ. ಅವಳಿಗೂ ಹುಟ್ಟಿನಿಂದ ಕಣ್ಣು ಕಾಣದು. ಕಂಪ್ಯೂಟರಿನಲ್ಲಿ ತೆರೆದಿರುವುದನ್ನೆಲ್ಲ ಓದಿ ಹೇಳುವ ದನಿಯೊಂದನ್ನು ಅದಕ್ಕೆ ಅಳವಡಿಸಿದ್ದರು. ಹಾಲಮ್ಮ ಹೆಡ್‌ಫೋನ್ ಹಾಕಿಕೊಂಡು ಆ ದನಿಯನ್ನು ಕೇಳುತ್ತ, ಮೌಸ್ ಮುಟ್ಟದೆ, ಬರಿಯ ಕೀಬೋರ್ಡಿನ ಕೀಲಿಗಳಿಂದ ಕೆಲಸ ಮಾಡುತ್ತಿದ್ದಳು.

ಆ ವರ್ಷ ಅವಳು ಹತ್ತನೇ ತರಗತಿಯ ವಿಜ್ಞಾನದ ಪುಸ್ತಕ ಹಿಡಿದಿದ್ದಳು. ನಿವೃತ್ತ ಶಿಕ್ಷಕಿಯೊಬ್ಬರು ಓದಿ ಹೇಳಿದ್ದರು, ಇವಳು ಕೂಡಿಸಿದ್ದಳು. ಮೂರು ತಿಂಗಳಲ್ಲಿ ಮುನ್ನೂರ ಎಂಬತ್ತು ಪುಟ ಮುಗಿದಿತ್ತು. ಇನ್ನು ಅಚ್ಚಿಗೆ ಹೋಗುವುದಷ್ಟೇ ಬಾಕಿ. ಏಳು ಶಾಲೆಗಳ ಮಕ್ಕಳು ಆ ಪುಸ್ತಕಕ್ಕೆ ಕಾದಿದ್ದರು. ಪರೀಕ್ಷೆಗೆ ಎರಡು ತಿಂಗಳಿತ್ತು.

ಒಂದು ಬೆಳಿಗ್ಗೆ ಹಾಲಮ್ಮ ಬರುವ ಮೊದಲೇ ಮುದ್ರಣಾಲಯದ ಕಾರ್ಯದರ್ಶಿ ಆ ಕಂಪ್ಯೂಟರ್ ಆನ್ ಮಾಡಿದ. ಪುಟಗಳನ್ನು ಒಮ್ಮೆ ಕಣ್ಣಾರೆ ನೋಡಿ ಅಚ್ಚಿಗೆ ಕೊಡಬೇಕೆಂದಿದ್ದ. ಬ್ರೈಲ್ ಸಾಫ್ಟ್‌ವೇರಿನ ಮೇಲೆ ಎರಡು ಬಾರಿ ಒತ್ತಿದ. ಏನೂ ಕಾಣಿಸಲಿಲ್ಲ. ಹಿಂದಿನ ವಾರವಷ್ಟೇ ಅದರ ಹೊಸ ಆವೃತ್ತಿ ಹಾಕಿಸಿದ್ದರು. ಹಾಕಿದವರು ಕೆಡಿಸಿದ್ದಾರೆ ಎಂದುಕೊಂಡು ಮೌನೇಶನನ್ನು ಕರೆಸಿದ.

ಹಾಲಮ್ಮ ಬಂದಾಗ ಅವಳ ಕುರ್ಚಿಯಲ್ಲಿ ಮೌನೇಶ ಕುಳಿತಿದ್ದ. ಪರದೆಯ ಅಳತೆ ಬದಲಿಸಿ ನೋಡಿದ್ದ. ಚಿತ್ರ ತೋರಿಸುವ ಡ್ರೈವರನ್ನು ತೆಗೆದು ಹೊಸದು ಹಾಕಿದ್ದ. ನಾಲ್ಕು ಬಾರಿ ಆರಿಸಿ ಹೊತ್ತಿಸಿದ್ದ. ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದ್ದ. ಪ್ರತಿ ಸಲವೂ ಅದೇ ಕತೆ. ಒತ್ತಿದರೆ ಸಣ್ಣ ಉಂಗುರ ಎರಡು ಕ್ಷಣ ತಿರುಗುತ್ತಿತ್ತು, ಆಮೇಲೆ ಖಾಲಿ ಪರದೆ. ಅವನು ಹಲ್ಲು ಕಚ್ಚಿಕೊಂಡಿದ್ದ.

ಹಾಲಮ್ಮ ಪಕ್ಕದ ಸ್ಟೂಲಿನ ಮೇಲೆ ಕುಳಿತು ಹೆಡ್‌ಫೋನ್ ಹಾಕಿಕೊಂಡಳು. ಅವನು ಮತ್ತೆ ಒತ್ತಿದ.

"ತೆರೆದಿದೆ" ಎಂದಳು.

"ಏನು ತೆರೆದಿದೆ?"

"ಸಾಫ್ಟ್‌ವೇರ್. ಮೊದಲ ಪುಟದ ಹೆಸರು ಓದುತ್ತಿದೆ. ನಿನ್ನೆ ಸಂಜೆವರೆಗೂ ಇದರಲ್ಲೇ ಕೆಲಸ ಮಾಡಿದ್ದೇನೆ. ಕೆಟ್ಟಿಲ್ಲ."

ಮೌನೇಶ ಕಾರ್ಯದರ್ಶಿಯ ಮುಖ ನೋಡಿದ. ಕಾರ್ಯದರ್ಶಿ ನಕ್ಕ. ಆ ನಗು ಮೌನೇಶನಿಗೆ ಬಲ ಕೊಟ್ಟಿತು.

"ಅಮ್ಮಾ, ಪರದೆ ನೋಡುತ್ತಿರುವವನು ನಾನು. ಅದರ ಮೇಲೆ ಏನೂ ಇಲ್ಲ."

ಹಾಲಮ್ಮ ಹೆಡ್‌ಫೋನ್ ತೆಗೆದು ಅವನತ್ತ ಚಾಚಿದಳು. "ಒಂದು ಗಳಿಗೆ ಕಿವಿಗೆ ಇಟ್ಟುಕೊಳ್ಳಿ."

ಅವನು ಅದನ್ನು ಮೊಣಕೈಯಿಂದ ಆಚೆ ತಳ್ಳಿದ. "ನಿಮ್ಮ ಕೆಲಸ ನಾನು ಮಾಡಲು ಬಂದಿಲ್ಲ, ನನ್ನ ಕೆಲಸ ನೀವು ಮಾಡಬೇಡಿ."

ಹಾಲಮ್ಮ ಮತ್ತೆ ಹೆಡ್‌ಫೋನ್ ಹಾಕಿಕೊಂಡಳು. ಅವಳ ಕುತ್ತಿಗೆಯ ನರ ಎದ್ದಿತ್ತು. ಅವನು ಅತ್ತ ನೋಡಲಿಲ್ಲ. ಬೇರುಸಹಿತ ಕಿತ್ತು ಹಾಕಿದರೆ ಮಾತ್ರ ಇದು ಸರಿಹೋದೀತು ಎಂದು ನಿಶ್ಚಯಿಸಿದ್ದ. ಸಾಫ್ಟ್‌ವೇರನ್ನು ಎರಡನೇ ಬಾರಿ ಅಳಿಸಲು ಹೊರಟ, ಈ ಸಲ ಏನನ್ನೂ ಉಳಿಸದೆ ಪೂರ್ತಿ ಅಳಿಸುವ ಆಯ್ಕೆ ಒತ್ತಿದ. ನಡುವೆ ಯಂತ್ರ ಒಂದು ಪ್ರಶ್ನೆ ಕೇಳಿತು. ಅವನು ಅದನ್ನು ಓದಲಿಲ್ಲ. ಇಂಥ ಸಾವಿರ ಪ್ರಶ್ನೆ ನೋಡಿದ್ದ.

ಹಾಲಮ್ಮ ಕೂಗಿದಳು. "ಬೇಡ! ಬೇಡ ಅನ್ನಿ!"

ಆ ಕೂಗು ಅವನ ನೆತ್ತಿಗೇರಿತು. ಅವಳು ಕೂಗಿದಳೆಂಬ ಕಾರಣಕ್ಕೇ ಅವನ ಬೆರಳು ಗಟ್ಟಿಯಾಗಿ ಇಳಿಯಿತು. ಹೌದು ಎಂದು ಒತ್ತಿದ.

ಹಾಲಮ್ಮ ಎದ್ದು ನಿಂತಳು. ಅಷ್ಟು ಹೊತ್ತು ಬಹುವಚನದಲ್ಲಿ ಮಾತನಾಡಿದ್ದವಳು ಏಕವಚನಕ್ಕೆ ಇಳಿದಳು.

"ಅದು ಏನು ಕೇಳಿತು, ಓದಿದೆಯಾ?"

ಅವನು ಪರದೆಯತ್ತ ತಿರುಗಿದ. ಪ್ರಶ್ನೆ ಅಲ್ಲಿಂದ ಹೋಗಿಯಾಗಿತ್ತು.

"ನಾನು ಹೇಳುತ್ತೇನೆ, ಕೇಳು. ಬಳಕೆದಾರರು ಮಾಡಿಟ್ಟ ಪುಸ್ತಕಗಳನ್ನೂ ಅಳಿಸಬೇಕೇ ಎಂದು ಕೇಳಿತು. ಕಣ್ಣಿಲ್ಲದವಳು ನಾನು ಬೇಡ ಅಂದೆ. ಕಣ್ಣಿದ್ದವನು ನೀನು ಹೌದು ಅಂದೆ."

ಕಾರ್ಯದರ್ಶಿಯ ನಗು ಹೋಗಿತ್ತು. ಬೇರೆ ಕಡೆ ಒಂದು ಪ್ರತಿ ಇಡಿ ಎಂದು ಹಾಲಮ್ಮ ಅವನಿಗೆ ಎರಡು ಸಲ ಹೇಳಿದ್ದಳು. ಅವನು ಎರಡು ಸಲವೂ ಹೂಂ ಎಂದು ಸುಮ್ಮನಾಗಿದ್ದ.

ಮೌನೇಶ ಬೆವರುತ್ತ ಸಾಫ್ಟ್‌ವೇರನ್ನು ಮತ್ತೆ ಹಾಕಿದ. ಹಾಕಿದರೆ ಪುಸ್ತಕ ಬಂದೀತೇನೋ ಎಂಬ ದಡ್ಡ ಆಸೆ. ಒತ್ತಿದ. ಉಂಗುರ ತಿರುಗಿತು. ಮತ್ತೆ ಖಾಲಿ ಪರದೆ.

"ಈಗಲೂ ತೆರೆದಿದೆ" ಎಂದಳು ಹಾಲಮ್ಮ. ಸಿಟ್ಟಿನಲ್ಲಿ ಮೇಜಿಗೆ ಬಡಿಯಲು ಬಲಗೈ ಬೀಸಿದಳು. ಕೈ ಬಿದ್ದ ಕಡೆ ಮೇಜು ಬರಿದಾಗಿತ್ತು. ಅವಳು ಅಲ್ಲೆಲ್ಲ ತಡಕಿದಳು.

"ಇಲ್ಲೊಂದು ಎರಡನೇ ಮಾನಿಟರ್ ಇತ್ತು. ಯಾರು ತೆಗೆದರು?"

"ಮೊನ್ನೆ ನನ್ನ ಕೋಣೆಗೆ ಒಯ್ದೆ" ಎಂದ ಕಾರ್ಯದರ್ಶಿ.

ಹಾಲಮ್ಮ ಒಂದು ಕ್ಷಣ ಯೋಚಿಸಿದಳು. ಆಮೇಲೆ ಮೌನೇಶನಿಗೆ ಹೇಳಿದಳು. "ಆಲ್ಟ್ ಹಿಡಿದು ಸ್ಪೇಸ್ ಒತ್ತು. ಈಗ ಎಮ್. ಈಗ ಎಡಗಡೆಯ ಬಾಣದ ಕೀಲಿ ಒತ್ತಿ ಹಿಡಿದುಕೋ, ಬಿಡಬೇಡ."

ಅವನು ಹಾಗೇ ಮಾಡಿದ. ಪರದೆಯ ಬಲ ಅಂಚಿನಿಂದ ಸಾಫ್ಟ್‌ವೇರಿನ ಕಿಟಕಿ ಮೆಲ್ಲಗೆ ಜಾರಿ ಒಳಗೆ ಬಂತು. ಅದು ಯಾವಾಗಲೂ ಎರಡನೇ ಮಾನಿಟರಿನ ಮೇಲೆ ತೆರೆಯುತ್ತಿತ್ತು. ಮಾನಿಟರ್ ಹೋದ ಮೇಲೂ ಅದೇ ಜಾಗದಲ್ಲಿ ತೆರೆಯುತ್ತಲೇ ಇತ್ತು. ಆ ಜಾಗದ ಗುರುತನ್ನು ವಿಂಡೋಸ್ ಬೇರೆ ಕಡೆ ಬರೆದಿಟ್ಟುಕೊಂಡಿದ್ದರಿಂದ, ಎಷ್ಟು ಸಲ ಅಳಿಸಿ ಹಾಕಿದರೂ ಅದು ಬದಲಾಗಿರಲಿಲ್ಲ. ಬೆಳಿಗ್ಗೆಯಿಂದ ಪ್ರತಿ ಬಾರಿಯೂ ಅದು ತೆರೆದಿತ್ತು. ಈಗ ಕಿಟಕಿ ಕಾಣುತ್ತಿತ್ತು, ಒಳಗೆ ಪುಸ್ತಕವಿರಲಿಲ್ಲ.

ಅಳಿದದ್ದನ್ನು ಮರಳಿ ಪಡೆಯಲು ಮೌನೇಶ ಎರಡು ದಿನ ಹೆಣಗಿದ. ಸಿಕ್ಕಿದ್ದು ಬರಿ ಚೂರುಗಳು. ಒಂದೂ ಪುಟ ಪೂರ್ತಿಯಾಗಿರಲಿಲ್ಲ. ಮೂರನೇ ದಿನ ಹಾಲಮ್ಮನ ಮುಂದೆ ಕೈ ಮುಗಿದು ನಿಂತ. ಕೈ ಮುಗಿದದ್ದು ಅವಳಿಗೆ ಕಾಣದೆಂದು ನೆನಪಾಗಿ ಬಾಯಿಬಿಟ್ಟು ಹೇಳಿದ. "ತಪ್ಪಾಯಿತು, ಕ್ಷಮಿಸಿಬಿಡಿ."

ಅವಳು ಕಣ್ಣಿದ್ದವರು ಓದುವ, ಅಚ್ಚಾದ ವಿಜ್ಞಾನದ ಪುಸ್ತಕವನ್ನು ಅವನ ಕಡೆ ನೂಕಿದಳು. "ನನಗೆ ಓದಿ ಹೇಳುತ್ತಿದ್ದವರು ಮಗಳ ಊರಿಗೆ ಹೋದರು. ನೀನು ಓದು. ಒಂದನೇ ಪುಟ."

ಅವನು ಅಂಗಡಿ ಮುಚ್ಚಿ ದಿನವೂ ಬಂದ. ಅವನು ಓದುತ್ತಿದ್ದ, ಅವಳು ಕೀಲಿ ಒತ್ತುತ್ತಿದ್ದಳು. ಕೆಲಸದ್ದು ಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ. ಚಹಾ ಬಂದರೆ ಅವಳ ಲೋಟ ಅವಳು ಕುಡಿಯುತ್ತಿದ್ದಳು, ಅವನು ಕುಡಿದನೋ ಬಿಟ್ಟನೋ ಕೇಳುತ್ತಿರಲಿಲ್ಲ. ಅವನು ತಡವರಿಸಿದರೆ, "ಬಾಯಲ್ಲಿ ಕಡುಬು ಇದೆಯಾ?" ಎನ್ನುತ್ತಿದ್ದಳು. ಸಂಜೆ ಹೊರಡುವಾಗ ಅವನು ದಿನವೂ ಕ್ಷಮೆ ಕೇಳುತ್ತಿದ್ದ. ಅವಳು ದಿನವೂ ಮುಗಿದ ಪುಟದ ಸಂಖ್ಯೆ ಹೇಳುತ್ತಿದ್ದಳು.

ಐದನೇ ದಿನ ಅವನ ತಾಳ್ಮೆ ಹರಿಯಿತು. ಪುಸ್ತಕವನ್ನು ಮೇಜಿಗೆ ಅಪ್ಪಳಿಸಿದ.

"ಇನ್ನೆಷ್ಟು ಸಲ ಕೇಳಬೇಕು? ಕೆಲಸ ಬಿಟ್ಟು ಬಂದು ಕೂತಿದ್ದೇನೆ. ಕಲ್ಲಾದರೂ ಕರಗುತ್ತಿತ್ತು."

"ಎಪ್ಪತ್ತೆಂಟನೇ ಪುಟ" ಎಂದಳು ಹಾಲಮ್ಮ. "ಓದು."

ಅವನು ಎದ್ದು ಹೊರಗೆ ನಡೆದ. ಇವಳಿಗಿಂತ ನಾನೇ ಮೇಲು, ನಾನು ತಪ್ಪನ್ನಾದರೂ ಒಪ್ಪಿಕೊಂಡೆ ಎಂದು ಗೊಣಗುತ್ತ ಮೆಟ್ಟಿಲಿಳಿದ. ಹಿಂದಿನಿಂದ ಅವಳು ಮುದ್ರಣಾಲಯದ ಮುದಿ ಕಾವಲುಗಾರನನ್ನು ಕರೆಯುವುದು ಕೇಳಿಸಿತು. ಆ ಮುದುಕ ಎರಡನೇ ತರಗತಿ ಓದಿದವನು. ಮೌನೇಶ ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗಿನಿಂದ ಓದು ಶುರುವಾಯಿತು.

"ದೂ... ದುತಿ... ಸಂಸ... ಅವ್ವಾ, ಇದು ನನ್ನ ಕೈಲಾಗದು."

"ಅಕ್ಷರ ಅಕ್ಷರ ಹೇಳಪ್ಪಾ. ನಾನು ಕೂಡಿಸಿಕೊಳ್ಳುತ್ತೇನೆ. ಮೊದಲು ಯಾವ ಅಕ್ಷರ?"

"ದ. ಅದರ ಕೆಳಗೆ ಏನೋ ಬಾಲ ಇದೆ."

"ಯಾವ ಕಡೆ ತಿರುಗಿದೆ ಬಾಲ?"

ಒಂದೇ ಪದಕ್ಕೆ ಐದು ನಿಮಿಷ ಹೋಯಿತು. ಮೌನೇಶ ಮೆಟ್ಟಿಲ ಬಳಿ ನಿಂತೇ ಇದ್ದ. ಹೀಗಾದರೆ ಪುಟವೊಂದಕ್ಕೆ ದಿನವೊಂದು. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಬಂದೀತು. ಅವನಿಗೆ ಮುದುಕನ ಮೇಲೆ ಸಿಟ್ಟು ಬಂತು. ಅವಳ ಮೇಲೂ ಬಂತು. ಆಮೇಲೆ ಬಂದ ಸಿಟ್ಟಿಗೆ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ದಡದಡನೆ ಮೇಲೆ ಹತ್ತಿ ಮುದುಕನ ಕೈಯಿಂದ ಪುಸ್ತಕ ಕಿತ್ತುಕೊಂಡ.

"ದ್ಯುತಿಸಂಶ್ಲೇಷಣೆ" ಎಂದ. "ಮುಂದೆ ಬರೆದುಕೊಳ್ಳಿ."

ಹಾಲಮ್ಮ ಬರೆದುಕೊಂಡಳು. ಬಂದೆಯಾ ಎನ್ನಲಿಲ್ಲ.

ಆಮೇಲೆ ಚಿತ್ರಗಳು ಬಂದವು. ಚಿತ್ರವನ್ನು ಮಾತಿನಲ್ಲಿ ಹೇಳಬೇಕಿತ್ತು.

"ಏನಿದೆ ಚಿತ್ರದಲ್ಲಿ?"

"ಹೃದಯ."

"ಬರಿ ಹೃದಯ ಅಂದರೆ ಮಗು ಏನು ತಿಳಿದುಕೊಳ್ಳಬೇಕು? ಎಷ್ಟು ಕೋಣೆ? ಯಾವ ನಾಳ ಎಲ್ಲಿಂದ ಹೊರಡುತ್ತದೆ? ಸರಿಯಾಗಿ ನೋಡು."

ಅವನು ಹೇಳಿದ. ಅವಳು ತಪ್ಪು ಎಂದಳು. ಎರಡೂ ನಾಳ ಎಡ ಕೋಣೆಯಿಂದಲೇ ಹೊರಟರೆ ರಕ್ತ ಶ್ವಾಸಕೋಶ ಸೇರುವುದು ಹೇಗೆ ಎಂದು ಕೇಳಿದಳು. ಅವನು ಮತ್ತೆ ನೋಡಿದ. ಅವಳು ಹೇಳಿದ್ದೇ ಸರಿಯಾಗಿತ್ತು. ಒಂದು ಹೃದಯಕ್ಕೆ ಮಧ್ಯಾಹ್ನವೆಲ್ಲ ಹೋಯಿತು. ಕಣ್ಣಿನ ಚಿತ್ರಕ್ಕೆ ಬಂದಾಗ ಅವನು ಅವಳು ಹೇಳುವ ಮೊದಲೇ ಮೂರು ಸಲ ನೋಡಿಕೊಂಡು ಆಮೇಲೆ ಬಾಯಿ ತೆರೆದ.

ಇಪ್ಪತ್ತಾರನೇ ದಿನ ಕೊನೆಯ ಪುಟ ಮುಗಿಯಿತು. ಹಾಲಮ್ಮ ಎರಡು ಪ್ರತಿ ಎರಡು ಕಡೆ ಇಡಿಸಿದಳು, ಇಟ್ಟದ್ದನ್ನು ಕೇಳಿ ಖಚಿತಪಡಿಸಿಕೊಂಡಳು. ಪಕ್ಕದ ಕೋಣೆಯಲ್ಲಿ ಯಂತ್ರ ಚುಕ್ಕೆಗಳನ್ನು ಬಡಿಯತೊಡಗಿತು. ಮೊದಲ ಹಾಳೆ ಬಂದಾಗ ಅವಳು ಬೆರಳಾಡಿಸಿ ಹತ್ತನೇ ಸಾಲಿನಲ್ಲಿ ನಿಂತಳು. "ಇಲ್ಲಿ ಒಂದು ಒತ್ತಕ್ಷರ ನುಂಗಿದ್ದೀಯ" ಎಂದಳು. ಮೌನೇಶ ಮೂಲ ಪುಸ್ತಕ ತೆಗೆದು ನೋಡಿದ. ನುಂಗಿದ್ದು ನಿಜ. ಯಂತ್ರ ನಿಲ್ಲಿಸಿ, ಸರಿಪಡಿಸಿ, ಉಳಿದ ಪುಟಗಳನ್ನೂ ಮತ್ತೊಮ್ಮೆ ಮೊದಲಿನಿಂದ ಹೋಲಿಸಿ ನೋಡಲು ಇಬ್ಬರೂ ಕುಳಿತರು. ಪರೀಕ್ಷೆಗೆ ಇಪ್ಪತ್ತು ದಿನ ಮುಂಚೆ ಏಳು ಶಾಲೆಗಳಿಗೂ ಪುಸ್ತಕ ತಲುಪಿತು.

ಗುರು ಕತೆ ನಿಲ್ಲಿಸಿದರು. ಅಡವಯ್ಯ ಕೇಳಿದ.

"ಕೊನೆಗಾದರೂ ಅವಳು ಅವನನ್ನು ಕ್ಷಮಿಸಿದಳೇ, ಗುರುಗಳೇ?"

"ಅಷ್ಟು ಹೊತ್ತಿಗೆ ಅವನಿಗೆ ಅದನ್ನು ಕೇಳುವುದೇ ಮರೆತುಹೋಗಿತ್ತು" ಎಂದರು ಗುರು.