ಬೋರ್ಡಿನ ಮೂಲೆ

ನಮ್ಮ ಪೇಟೆಬೀದಿಯಲ್ಲಿ ಬೋರ್ಡು ಬರೆಯುವವನೊಬ್ಬನಿದ್ದ. ಬರೆದ ಬೋರ್ಡಿನ ಮೂಲೆಯಲ್ಲಿ ತನ್ನ ಹೆಸರು ಹಾಕುವುದು ಅವನ ಪದ್ಧತಿ. ಅವನ ಮಳಿಗೆಯ ಮಾಲೀಕರು ಗುರುಶಾಂತಪ್ಪ. ಅವರಿಂದ ಬೈಸಿಕೊಳ್ಳದವರು ಬೀದಿಯಲ್ಲೇ ಇರಲಿಲ್ಲ, ಅದಿರಲಿ. ಒಂದು ದಿನ ಬಂದವರೇ, "ನನ್ನ ಮನೆ ಬಾಗಿಲಿಗೆ ‘ಸಂಭಾವಿತ ಗುರುಶಾಂತಪ್ಪ’ ಅಂತ ಬೋರ್ಡು ಬರಿ. ಇಲ್ಲದಿದ್ದರೆ ಸಂಜೆಗೆ ಮಳಿಗೆ ಖಾಲಿ ಮಾಡು" ಅಂದರು.

ಇವನು ಚೆಂದವಾಗಿಯೇ ಬರೆದ. ಮೂಲೆಯಲ್ಲಿ ಮಾತ್ರ ತನ್ನ ಹೆಸರಿನ ಬದಲು ‘ಹೀಗೆಂದವರು: ಗುರುಶಾಂತಪ್ಪ’ ಎಂದು ಹಾಕಿದ.

"ಲೇ, ಇದೇನೋ!"

"ಸ್ವಾಮಿ, ಸಂಭಾವಿತ ಅನ್ನೋದು ಬೇರೆಯವರು ಹೇಳೋ ಮಾತು. ಹೇಳಿದ್ದು ಯಾರು ಅಂತ ಜನ ಕೇಳ್ತಾರೆ. ಬೇರೆ ಹೆಸರು ಕೊಡಿ, ಈಗಲೇ ತಿದ್ದುತ್ತೇನೆ."

ಗುರುಶಾಂತಪ್ಪನವರು ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಮೇಲೆ ಮಳಿಗೆಯ ಮಾತೆತ್ತದೆ, "ಆ ‘ಸಂಭಾವಿತ’, ಮೂಲೆಯ ಮಾತು ಎರಡನ್ನೂ ಅಳಿಸಿಬಿಡಪ್ಪಾ, ಬರೀ ಹೆಸರು ಸಾಕು" ಎಂದರು.